ಒಂದು ಮತ್ತಿ ಮರಕ್ಕೆ ಎಷ್ಟು ಸಸಿ ಸಮ?

ಗೋವಾದಲ್ಲಿ ರಸ್ತೆ ಅಗಲ ಮಾಡುವಾಗ, ವಿದ್ಯುತ್ ಲೈನ್ ಎಳೆಯುವಾಗ, ರೈಲು ಹಳಿ ಜೋಡಿ ಮಾಡುವಾಗ ಒಂದು ಭರವಸೆ ತಪ್ಪದೆ ಕೇಳಿಬರುತ್ತದೆ: ಕಡಿದ ಪ್ರತಿ ಮರಕ್ಕೆ ಇಷ್ಟು ಸಸಿ ನೆಡುತ್ತೇವೆ. ಒಮ್ಮೆ ಮೂರು, ಒಮ್ಮೆ ಐದು, ಒಮ್ಮೆ ಹತ್ತು. ಒಂದು ಹೋಗಿ ಹತ್ತು ಬಂದರೆ ಲಾಭವೇ ತಾನೇ ಎಂದು ಕೇಳಿದವರಿಗೆ ಸಮಾಧಾನವಾಗುತ್ತದೆ. ಹವಾಮಾನದ ಲೆಕ್ಕ ಇಟ್ಟುಕೊಂಡು ಉಷ್ಣವಲಯದ ಕಾಡುಗಳಲ್ಲಿ ಓಡಾಡುವ ಸಂಶೋಧಕರು ಈ ಪ್ರಶ್ನೆಗೆ ಟೇಪು ಹಿಡಿದು ಉತ್ತರ ಹುಡುಕುತ್ತಾರೆ. ಅವರ ದಾರಿಯಲ್ಲೇ ನಾವೂ ಲೆಕ್ಕ ಹಾಕಿ ನೋಡೋಣ. ಪ್ರೌಢಶಾಲೆಯ ಗಣಿತ ಬಂದರೆ ಸಾಕು.

ಮತ್ತಿ ಮರವನ್ನೇ ತೆಗೆದುಕೊಳ್ಳುತ್ತೇನೆ. ಅದು ಗೋವಾದ ರಾಜ್ಯ ಮರ; ದಾಂಡೇಲಿ, ಯಲ್ಲಾಪುರದ ಕಡೆಯವರಿಗೂ ಚಿರಪರಿಚಿತ. ಚೌಕಚೌಕವಾಗಿ ಸೀಳಿದ ಒರಟು ತೊಗಟೆಯಿಂದ ದೂರದಿಂದಲೇ ಗುರುತು ಸಿಗುತ್ತದೆ. ಸಂಶೋಧಕರು ಮೊದಲು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರಾಗಿ ಎದೆಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತುತ್ತಾರೆ. ಇಳಿಜಾರಿನಲ್ಲಿದ್ದರೆ ಮೇಲಿನ ಮಗ್ಗುಲಿನಿಂದ ಅಳತೆ. ಬುಡದಲ್ಲಿ ಹಲಗೆಬೇರು ಚಾಚಿಕೊಂಡಿದ್ದರೆ ಅದು ಮುಗಿಯುವ ಜಾಗದಿಂದಲೂ ಮೇಲೆ ಏಣಿ ಹಾಕಿ ಅಳೆಯಬೇಕು. ಇಲ್ಲದಿದ್ದರೆ ಬುಡದ ಅಗಲವೆಲ್ಲ ಕಾಂಡದ ಲೆಕ್ಕಕ್ಕೆ ಸೇರಿ ಮರ ಇರುವುದಕ್ಕಿಂತ ಎಷ್ಟೋ ದಪ್ಪವಾಗಿ ಕಾಣುತ್ತದೆ. ಟೇಪಿನ ಕೆಳಗೆ ಬಳ್ಳಿ ಸಿಕ್ಕಿಕೊಂಡಿದ್ದರೆ ಎತ್ತಿ ಬಿಡಿಸಬೇಕು. ಅಳೆದ ಜಾಗದಲ್ಲಿ ಬಣ್ಣದ ಗೆರೆ ಎಳೆದು, ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆ ಹೊಡೆದಿಟ್ಟರೆ ಐದು ವರ್ಷದ ನಂತರ ಬರುವವರೂ ಅದೇ ಮರವನ್ನು ಅದೇ ಜಾಗದಲ್ಲಿ ಅಳೆಯಬಹುದು.

ಸುತ್ತಳತೆ 188 ಸೆಂಟಿಮೀಟರ್ ಬಂತು ಎನ್ನೋಣ. 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 60 ಸೆಂಟಿಮೀಟರ್. ಎತ್ತರ 25 ಮೀಟರ್. ಇನ್ನು ಬೇಕಾದದ್ದು ಮರದ ಸಾಂದ್ರತೆ. ಬೂರುಗದ ಹಲಗೆ ಎತ್ತಿದವರಿಗೂ ಮತ್ತಿಯ ತೊಲೆ ಎತ್ತಿದವರಿಗೂ ಇದನ್ನು ವಿವರಿಸಬೇಕಿಲ್ಲ: ಒಂದೇ ಗಾತ್ರದ ತುಂಡಾದರೆ ಬೂರುಗ ತೂಗುವುದು ಮತ್ತಿಯ ಸುಮಾರು ಅರ್ಧ. ಮತ್ತಿಗೆ ಘನ ಸೆಂಟಿಮೀಟರಿಗೆ 0.7 ಗ್ರಾಂ ಎಂದು ಹಿಡಿಯುತ್ತೇನೆ.

ಫ್ರಾನ್ಸಿನ ಜೆರೋಮ್ ಷಾವ್ ಮತ್ತು ಹಲವು ದೇಶಗಳ ಸಹ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ. ಉಷ್ಣವಲಯದ ನಾನಾ ಕಡೆ ಕಡಿದು ತೂಗಿದ ನಾಲ್ಕು ಸಾವಿರಕ್ಕೂ ಹೆಚ್ಚು ಮರಗಳ ಮಾಹಿತಿಯಿಂದ ಹೊರಟ ಸೂತ್ರ ಅದು. ಸೆಂಟಿಮೀಟರಿನಲ್ಲಿ ಅಳೆದ ವ್ಯಾಸದ ವರ್ಗವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದಲೂ ಸಾಂದ್ರತೆಯಿಂದಲೂ ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೇರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಮರದ ಒಣ ತೂಕ ಕಿಲೋಗಳಲ್ಲಿ ಸಿಗುತ್ತದೆ. ನಮ್ಮ ಮತ್ತಿಗೆ ಅದು ಸುಮಾರು 3,250 ಕಿಲೋ. ಅದರಲ್ಲಿ ಇಂಗಾಲ ಶೇ. 47 ಎಂದು ಹಿಡಿಯುವುದು ರೂಢಿ: ಒಂದೂವರೆ ಟನ್. ಇಂಗಾಲ ಉರಿದು ಕಾರ್ಬನ್ ಡೈಆಕ್ಸೈಡ್ ಆದಾಗ 12 ಕಿಲೋ 44 ಕಿಲೋ ಆಗುತ್ತದೆ. ಹಾಗಾಗಿ ಈ ಒಂದು ಮರ ತನ್ನ ಮೈಯಲ್ಲಿ ಹಿಡಿದಿಟ್ಟುಕೊಂಡಿರುವುದು ಐದೂವರೆ ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್. ಬೇರಿನ ಲೆಕ್ಕ ಇದರಲ್ಲಿ ಸೇರಿಲ್ಲ.

ಈಗ ಸಸಿಗೆ ಬರೋಣ. ನರ್ಸರಿಯ ಪ್ಲಾಸ್ಟಿಕ್ ಚೀಲದಿಂದ ಈಗಷ್ಟೇ ಇಳಿದ ಗಿಡ ಬೇಡ, ಅದರ ಮೇಲೆ ಔದಾರ್ಯ ತೋರಿಸೋಣ: ಬೇಸಿಗೆ, ದನ, ಬೆಂಕಿ ಎಲ್ಲವನ್ನೂ ದಾಟಿ ಕೆಲವು ವರ್ಷ ಬದುಕಿ, 5 ಸೆಂಟಿಮೀಟರ್ ವ್ಯಾಸ, 5 ಮೀಟರ್ ಎತ್ತರ ಬಂದ ಮತ್ತಿಯ ಗಿಡ ಎನ್ನೋಣ. ಅದೇ ಸೂತ್ರ ಹಾಕಿದರೆ ತೂಕ 5.3 ಕಿಲೋ. ಹತ್ತು ಗಿಡಕ್ಕೆ 53 ಕಿಲೋ. ಕಡಿದ ಆ ಒಂದು ಮರಕ್ಕೆ ಸಮನಾಗಲು ಇಂಥ ಗಿಡ 600ಕ್ಕೂ ಹೆಚ್ಚು ಬೇಕು, ಒಂದೂ ಸಾಯಬಾರದು. ಭರವಸೆಯ ಹತ್ತಕ್ಕೂ ಲೆಕ್ಕದ ಆರುನೂರಕ್ಕೂ ನಡುವಿನ ಈ ಅಂತರವನ್ನು ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಯಾರಾದರೂ ಎದ್ದು ನಿಂತು ಓದಿ ಹೇಳಬೇಕು ಎಂಬುದು ನನ್ನ ಆಸೆ.

ಗಿಡ ಮುಂದೆ ಬೆಳೆಯುತ್ತದಲ್ಲ ಎನ್ನಬಹುದು. ಬೆಳೆಯುತ್ತದೆ, ಆದರೆ ದೊಡ್ಡ ಮರವೂ ಸುಮ್ಮನೆ ನಿಂತಿರುವುದಿಲ್ಲ. 403 ಜಾತಿಯ ಮರಗಳ ಮಾಹಿತಿ ಕಲೆಹಾಕಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ಅದು ವರ್ಷಕ್ಕೆ ಸೇರಿಸಿಕೊಳ್ಳುವ ತೂಕವೂ ಹೆಚ್ಚುತ್ತಲೇ ಹೋಗುತ್ತದೆ ಎಂದು ತೋರಿಸಿತು. ಮುದಿ ಮರ ಇನ್ನೇನು ಇಂಗಾಲ ಹೀರೀತು ಎಂಬ ಮಾತಿಗೆ ಅಲ್ಲಿಗೆ ಆಧಾರ ಉಳಿಯಲಿಲ್ಲ. 2018ರಲ್ಲಿ ಜಗತ್ತಿನ 48 ಅರಣ್ಯ ತಾಕುಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ, ನೆಲದ ಮೇಲಿನ ಒಟ್ಟು ಜೀವರಾಶಿಯ, ಅಂದರೆ ಮರಗಳ ಒಣ ತೂಕದ, ಅರ್ಧದಷ್ಟು ಇದ್ದದ್ದು ಅತಿ ದೊಡ್ಡದಾದ ಶೇ. 1ರಷ್ಟು ಮರಗಳಲ್ಲಿ. ಕಡಿಯುವಾಗ ಮರಗಳ ಸಂಖ್ಯೆ ಮಾತ್ರ ಬರೆದು ಸುತ್ತಳತೆ ಬಿಟ್ಟರೆ ವಿಷಯದ ಅರ್ಧವೇ ಬಿಟ್ಟುಹೋದಂತೆ.

ಹಾಗೆಂದು ಮರಗಳ ತೂಕ ಕೂಡಿಸಿದರೆ ಕಾಡು ಆಗಿಬಿಡುವುದಿಲ್ಲ. ವಾಸ್ಕೋದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ಬರುವ ಗೋವಾ ಕನ್ನಡಿಗರಿಗೆ ಕುಳೆಂ ದಾಟಿದ ಮೇಲಿನ ಘಾಟು ಗೊತ್ತು. ದೂಧಸಾಗರ ಬಂದಾಗ ಎಲ್ಲರೂ ಕಿಟಕಿಗೆ ಮುಗಿಬೀಳುತ್ತಾರೆ. ಜಲಪಾತದ ಆಚೀಚೆ ಇರುವ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳಿವೆ. ದೊಡ್ಡ ಬೀಜದ ಹಣ್ಣನ್ನು ನುಂಗಿ, ತಾಯಿಮರದಿಂದ ಬಲು ದೂರ ಹೋಗಿ ಬೀಜ ಉಗುಳುವುದು ಅವುಗಳ ದಿನದ ಕೆಲಸ. ಇದಕ್ಕೂ ಹವಾಮಾನಕ್ಕೂ ಏನು ನಂಟು? ದೊಡ್ಡ ಬೀಜದ ಮರಗಳು ಸಾಮಾನ್ಯವಾಗಿ ಗಟ್ಟಿ ಮರಗಳು, ಸಾಂದ್ರತೆ ಹೆಚ್ಚು. ಬ್ರೆಜಿಲ್ಲಿನ ಅಟ್ಲಾಂಟಿಕ್ ಕಾಡಿನ ಮಾಹಿತಿ ಇಟ್ಟುಕೊಂಡು ಕರೋಲಿನಾ ಬೆಯೋ ಮತ್ತು ಸಂಗಡಿಗರು 2015ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಹಣ್ಣು ತಿನ್ನುವ ದೊಡ್ಡ ಪ್ರಾಣಿಪಕ್ಷಿಗಳು ಇಲ್ಲವಾದರೆ ಗಟ್ಟಿ ಮರಗಳ ಜಾಗಕ್ಕೆ ಕ್ರಮೇಣ ಹಗುರ ಮರಗಳು ಬಂದು, ಒಂದೂ ಮರ ಕಡಿಯದೆಯೇ ಕಾಡಿನ ಇಂಗಾಲ ಇಳಿಯುತ್ತದೆ. ಬೇಟೆ ತಡೆಯುವ ಅರಣ್ಯ ರಕ್ಷಕನ ಕೆಲಸವನ್ನೂ ಹವಾಮಾನದ ಕೆಲಸವೆಂದೇ ನಾನು ಎಣಿಸುವುದು ಈ ಕಾರಣಕ್ಕೆ.

ರಾಂಪತ್ರೆ ಜಡ್ಡಿಗಳ ಮಾತೂ ಇಲ್ಲಿ ಬರಬೇಕು. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇರುವಂಥದೇ ಜಡ್ಡಿ ಗೋವಾದ ಸತ್ತರಿ ತಾಲ್ಲೂಕಿನಲ್ಲೂ ಇದೆ, ನಿರಂಕಾರಾಚಿ ರಾಯ್ ಎಂಬ ದೇವರಕಾಡಿನಲ್ಲಿ. ವರ್ಷವಿಡೀ ನೀರು ಒಸರುವ ಕೆಸರು ನೆಲ. ಉಸಿರಾಟಕ್ಕೆಂದು ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ, ಉದುರಿದ ಎಲೆ ಕೊಂಬೆ ಕೊಳೆಯುವುದು ನಿಧಾನ, ಹಾಗಾಗಿ ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ. ಇಂಥ ಜಾಗವನ್ನು ನೆಟ್ಟು ಬೆಳೆಸುವುದು ಬಹುಮಟ್ಟಿಗೆ ಆಗದ ಮಾತು. ಖಾನಾಪುರದ ಕಡೆ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿಯ ನೀರಿಗಾಗಿ ಎರಡೂ ರಾಜ್ಯಗಳು ವರ್ಷಗಟ್ಟಲೆ ವಾದಿಸಿವೆ. ಆ ನೀರನ್ನು ಮಳೆಗಾಲದಿಂದ ಬೇಸಿಗೆಯವರೆಗೆ ಹಿಡಿದಿಟ್ಟುಕೊಳ್ಳುವ ಕಾಡಿನ ಬಗ್ಗೆ ಅದರ ಕಾಲು ಭಾಗದಷ್ಟಾದರೂ ಮಾತಾಡಿದ್ದರೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಮೊಲೆಂ ಗೊತ್ತಿಲ್ಲದ ಗೋವಾದವರು ಕಡಿಮೆ. ಭಗವಾನ್ ಮಹಾವೀರ ಅಭಯಾರಣ್ಯ, ಮೊಲೆಂ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ ಸುಮಾರು 240 ಚದರ ಕಿಲೋಮೀಟರ್. ಆಚೆ ಬದಿಗೆ ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಈ ಕಾಡಿನ ಮೂಲಕ ಮೂರು ಯೋಜನೆಗಳು ಒಟ್ಟಿಗೆ ಬಂದವು: ರೈಲು ಜೋಡಿ ಹಳಿ, ಚತುಷ್ಪಥ ಹೆದ್ದಾರಿ, 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ. 2020ರಲ್ಲಿ ವಿದ್ಯಾರ್ಥಿಗಳು, ವಿಜ್ಞಾನಿಗಳು, ಚಿತ್ರಕಾರರು ಎಲ್ಲ ಸೇರಿ ದೊಡ್ಡ ಚಳವಳಿಯೇ ಎದ್ದಿತು. ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ರದ್ದುಮಾಡಿತು.

ಒಂದು ಹಳಿ ಎಷ್ಟು ಜಾಗ ತಿನ್ನುತ್ತದೆ, ಕೆಲವು ಮೀಟರ್ ತಾನೇ ಎಂದು ಆಗ ಹಲವರು ಕೇಳಿದ್ದರು. ಅದಕ್ಕೆ ಉತ್ತರ ಅಮೆಜಾನಿನಲ್ಲಿದೆ. ಮನಾಸ್ ನಗರದ ಉತ್ತರಕ್ಕೆ 1979ರಿಂದ ನಡೆಯುತ್ತಿರುವ ಪ್ರಯೋಗವೊಂದರಲ್ಲಿ, ಕಾಡನ್ನು ತುಂಡು ತುಂಡಾಗಿ ಉಳಿಸಿ ಪ್ರತಿ ಮರವನ್ನೂ ಮತ್ತೆ ಮತ್ತೆ ಅಳೆಯುತ್ತ ಬಂದರು. ವಿಲಿಯಂ ಲಾರೆನ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕಾಡಿನ ಅಂಚಿನಿಂದ 100 ಮೀಟರ್ ಒಳಗಿನ ತಾಕುಗಳು ಹತ್ತರಿಂದ ಹದಿನೇಳು ವರ್ಷಗಳಲ್ಲಿ ತಮ್ಮ ಜೀವರಾಶಿಯಲ್ಲಿ ಶೇ. 36ರವರೆಗೆ ಕಳೆದುಕೊಂಡಿದ್ದವು. ಅಂಚು ತೆರೆದುಕೊಂಡರೆ ಬಿಸಿಗಾಳಿ ಒಳನುಗ್ಗುತ್ತದೆ, ತೇವ ಆರುತ್ತದೆ, ಬಳ್ಳಿಗಳು ಹಬ್ಬುತ್ತವೆ, ಎತ್ತರದ ಮರಗಳೇ ಮೊದಲು ಗಾಳಿಗೆ ಉರುಳುತ್ತವೆ. ಹಳಿ, ರಸ್ತೆ, ತಂತಿ ಮೂರೂ ಉದ್ದುದ್ದ ಗೆರೆಗಳು, ಪ್ರತಿ ಗೆರೆಗೂ ಎರಡು ಅಂಚು. ಕಡಿಯುವ ಮರಗಳ ಪಟ್ಟಿಯಲ್ಲಿ ಈ ನಷ್ಟಕ್ಕೆ ಕಲಮೇ ಇರುವುದಿಲ್ಲ.

ನಿಸರ್ಗ ಆಧಾರಿತ ಹವಾಮಾನ ಪರಿಹಾರ ಎಂಬ ಮಾತು ಈಗ ಸರ್ಕಾರಿ ಕಡತಗಳಲ್ಲೂ ಕಂಪನಿಗಳ ವಾರ್ಷಿಕ ವರದಿಗಳಲ್ಲೂ ಸಿಗುತ್ತದೆ. ಕಾಡು, ಜೌಗು, ಹುಲ್ಲುಗಾವಲು, ಹೊಲ ಇವನ್ನು ಕಾಪಾಡಿ, ಸರಿಯಾಗಿ ನೋಡಿಕೊಂಡು, ಹಾಳಾದದ್ದನ್ನು ಮರಳಿ ಬೆಳೆಸಿ ಹವಾಮಾನ ಬದಲಾವಣೆ ತಗ್ಗಿಸುವುದು ಇದರ ಅರ್ಥ. ಬ್ರಾನ್ಸನ್ ಗ್ರಿಸ್ಕಂ ನೇತೃತ್ವದ ತಂಡ 2017ರಲ್ಲಿ ಜಗತ್ತಿನ ಮಟ್ಟದ ಲೆಕ್ಕ ಕೊಟ್ಟಿತು: ತಾಪಮಾನ ಏರಿಕೆಯನ್ನು 2 ಡಿಗ್ರಿಯೊಳಗೆ ಹಿಡಿಯಲು 2030ರವರೆಗೆ ಆಗಬೇಕಾದ ತಗ್ಗಿಸುವಿಕೆಯಲ್ಲಿ, ಖರ್ಚಿಗೆ ತಕ್ಕ ಫಲ ಕೊಡುವ ಶೇ. 37ರಷ್ಟು ಭಾಗ ಇಂಥ ಕೆಲಸಗಳಿಂದ ಬರಬಹುದು. ಈ 37ನ್ನು ಎತ್ತಿ ಹೇಳುವವರು ಬಹಳ. ಉಳಿದ ಭಾಗ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಕಡಿಮೆ ಮಾಡುವುದರಿಂದಲೇ ಬರಬೇಕು ಎಂದು ಜೊತೆಗೆ ಹೇಳುವವರು ಕಡಿಮೆ. ಲೂಸಿಯಾನಾ ಗಾಟಿ ಅವರ ತಂಡ ವಿಮಾನದಿಂದ ಗಾಳಿಯ ಮಾದರಿ ಹಿಡಿದು 2021ರಲ್ಲಿ ತೋರಿಸಿದಂತೆ, ಆಗ್ನೇಯ ಅಮೆಜಾನ್ ಈಗಾಗಲೇ ಹೀರುವುದಕ್ಕಿಂತ ಹೆಚ್ಚು ಇಂಗಾಲ ಹೊರಬಿಡುತ್ತಿದೆ. ಬಿಸಿ ಏರುತ್ತ ಹೋದರೆ ಕಾಡೇ ಕೈಕೊಡುತ್ತದೆ.

ಕಾಪಾಡುವುದು, ನೋಡಿಕೊಳ್ಳುವುದು, ಮರಳಿ ಬೆಳೆಸುವುದು ಈ ಮೂರರಲ್ಲಿ ಮೊದಲಿನದಕ್ಕೇ ಮೊದಲ ಸ್ಥಾನ. ಹಗೇವಿನಲ್ಲಿ ತುಂಬಿಟ್ಟ ಜೋಳ ಬೇರೆ, ಈ ಸಲ ಹೊಲದಿಂದ ಬರುವ ಜೋಳ ಬೇರೆ. ಹಳೆಯ ಕಾಡು ನೂರಾರು ವರ್ಷ ತುಂಬಿದ ಹಗೇವು. ಅದನ್ನು ಒಂದು ವಾರದಲ್ಲಿ ಬರಿದು ಮಾಡಬಹುದು, ಮತ್ತೆ ತುಂಬಿಸಲು ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು. ಹವಾಮಾನಕ್ಕೆ ನಿರ್ಣಾಯಕವಾದದ್ದು ಮುಂದಿನ ಇಪ್ಪತ್ತು ಮೂವತ್ತು ವರ್ಷ ಎಂದಾದ ಮೇಲೆ ಕಾಲದ ಈ ವ್ಯತ್ಯಾಸವನ್ನು ಯಾವ ನೆಡುತೋಪೂ ತುಂಬಿಕೊಡಲಾರದು.

ಫೋಂಡಾದಲ್ಲಿ ನಮ್ಮ ಮನೆ ಹತ್ತಿರ ಸೆಂಟ್ರಿಂಗ್ ಕೆಲಸ ಮಾಡಿಸುವ ಗದಗಿನ ಮೇಸ್ತ್ರಿಯೊಬ್ಬರು ಒಮ್ಮೆ ಕೇಳಿದರು: "ಅಲ್ರೀ ಸರ, ಅಕೇಶಿಯಾನೂ ಹಸರೇ ಐತಿ, ಕಾಡೂ ಹಸರೇ ಐತಿ. ಲಗೂ ಬೆಳಿಯೂದು ಅಕೇಶಿಯಾ. ಅದನ್ನ ಹಚ್ಚಿದ್ರ ತಪ್ಪೇನ್ರಿ?" ಬಹಳ ಸರಿಯಾದ ಪ್ರಶ್ನೆ. ಘಟ್ಟದ ಎರಡೂ ಬದಿಗೆ ಅಕೇಶಿಯಾ ತೋಪುಗಳನ್ನು ನೋಡಿದ ಯಾರಿಗಾದರೂ ಬರುವಂಥದ್ದು.

ಇದಕ್ಕೆ ಹತ್ತಿರದ ಉತ್ತರ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಆನಂದ್ ಒಸುರಿ ಅವರ ಕೆಲಸದಲ್ಲಿದೆ. ಅವರೂ ಸಹ ಸಂಶೋಧಕರೂ ಪಶ್ಚಿಮ ಘಟ್ಟದ ಸಹಜ ಕಾಡುಗಳನ್ನು ತೇಗ, ನೀಲಗಿರಿಯ ಏಕಜಾತಿ ತೋಪುಗಳೊಂದಿಗೆ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಮಳೆ ಚೆನ್ನಾಗಿದ್ದಾಗ ತೋಪುಗಳು ಹಿಂದೆ ಬೀಳುವುದಿಲ್ಲ. ಬರ ಬಂದಾಗ ಬಣ್ಣ ಬಯಲಾಗುತ್ತದೆ: ಹಲವು ಜಾತಿಯ ಕಾಡು ಹೆಚ್ಚುಕಡಿಮೆ ಒಂದೇ ಸಮ ಇಂಗಾಲ ಹೀರುತ್ತ ಹೋಗುತ್ತದೆ, ತೋಪಿನದು ಏರುಪೇರಾಗುತ್ತದೆ. ಕೂಡಿಟ್ಟ ಒಟ್ಟು ಇಂಗಾಲದಲ್ಲೂ ಏಕಜಾತಿ ತೋಪು ನಿತ್ಯಹರಿದ್ವರ್ಣ ಕಾಡಿಗಿಂತ ಬಹಳ ಕೆಳಗೆ. ಕಾರಣ ಊಹಿಸುವುದು ಕಷ್ಟವಲ್ಲ. ಆಳಕ್ಕೆ ಬೇರಿಳಿಸಿದ ಜಾತಿ, ಎಲೆ ಉದುರಿಸಿ ಬೇಸಿಗೆ ಕಳೆಯುವ ಜಾತಿ, ನೆರಳಲ್ಲೇ ಬದುಕುವ ಜಾತಿ ಎಲ್ಲ ಒಟ್ಟಿಗಿದ್ದರೆ ಒಂದಕ್ಕೆ ಕೆಟ್ಟ ವರ್ಷ ಇನ್ನೊಂದಕ್ಕೆ ಅಷ್ಟು ಕೆಟ್ಟದಾಗುವುದಿಲ್ಲ. ಜೊತೆಗೆ, ತೋಪು ನೆಡುವುದೇ ಕಡಿಯುವುದಕ್ಕೆ. ಕಡಿದದ್ದು ಸೌದೆಯೋ ಕಾಗದವೋ ಆದರೆ ಹಿಡಿದ ಇಂಗಾಲ ಕೆಲವೇ ವರ್ಷದಲ್ಲಿ ಗಾಳಿಗೆ ವಾಪಸ್.

ಹಾಗಾದರೆ ನೆಡಲೇಬಾರದೇ? ನೆಡಬೇಕು, ಜಾಗ ನೋಡಿ ನೆಡಬೇಕು. ಇದೇ ಸಂಸ್ಥೆಯವರು ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ, ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ಚೂರುಗಳಲ್ಲಿ ಕಳೆ ತೆಗೆದು, ಅಲ್ಲಿನದೇ ಹತ್ತಾರು ಜಾತಿಗಳನ್ನು ನೆಟ್ಟು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ತಾನಾಗಿಯೇ ಬೆಳೆಯಲು ಬಿಟ್ಟ ಚೂರುಗಳಿಗಿಂತ ಇವು ಮೂಲ ಕಾಡಿನ ಹತ್ತಿರಕ್ಕೆ ಬೇಗ ಸರಿದಿವೆ, ಮರಗಳ ವೈವಿಧ್ಯದಲ್ಲೂ ಇಂಗಾಲದಲ್ಲೂ. ನರ್ಸರಿಗೆ ಬೀಜ ಆರಿಸುವುದರಿಂದ ಹಿಡಿದು ಲಂಟಾನ ಕೀಳುವವರೆಗೆ ಇದು ಕೈಕೆಲಸ, ತಾಳ್ಮೆಯ ಕೆಲಸ.

ಇನ್ನು ದುಡ್ಡಿನ ವಿಷಯ. ಕಾಡು ಉಳಿಸಿದವರಿಗೆ ಹಣ ಕೊಡುವ ಕಾರ್ಬನ್ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ತಡೆದರೆ ಒಂದು ಕ್ರೆಡಿಟ್. ಕೇಳಲು ಸರಳ. ಸತ್ತರಿಯಲ್ಲಿ ಒಬ್ಬರಿಗೆ ಸ್ವಂತ ಕಾಡು ಇದೆ, ಕಡಿಯದೆ ಉಳಿಸುತ್ತೇನೆ, ಕ್ರೆಡಿಟ್ ಕೊಡಿ ಎನ್ನುತ್ತಾರೆ ಎಂದುಕೊಳ್ಳಿ. ಹಣ ಸಿಗದಿದ್ದರೆ ಅವರು ನಿಜಕ್ಕೂ ಕಡಿಯುತ್ತಿದ್ದರೇ? ಕಡಿಯುತ್ತಿರಲಿಲ್ಲ ಎಂದರೆ ಆ ಹಣದಿಂದ ಗಾಳಿಯಲ್ಲಿ ಏನೂ ಬದಲಾಗಲಿಲ್ಲ. ಇಲ್ಲಿ ಉಳಿಸಿ ಪಕ್ಕದ ಗುಡ್ಡದಲ್ಲಿ ಕಡಿದರೆ? ಇಪ್ಪತ್ತು ವರ್ಷದ ನಂತರ ಮಗ ಮಾರಿದರೆ, ಬೆಂಕಿ ಬಿದ್ದರೆ? ಎಲ್ಲಕ್ಕಿಂತ ಕಠಿಣ ಮೊದಲನೆಯದು, ಏಕೆಂದರೆ ನಡೆಯದೇ ಹೋದದ್ದನ್ನು ಅಳೆಯಬೇಕು. ಆರು ದೇಶಗಳ 26 ಯೋಜನೆಗಳನ್ನು, ಅವುಗಳಂತೆಯೇ ಇರುವ ಆದರೆ ಯೋಜನೆ ಇಲ್ಲದ ಕಾಡುಗಳ ಜೊತೆ ಹೋಲಿಸಿ ಥಾಲೆಸ್ ವೆಸ್ಟ್ ಮತ್ತು ಸಂಗಡಿಗರು 2023ರಲ್ಲಿ ಬರೆದರು: ಹೆಚ್ಚಿನವು ಅರಣ್ಯನಾಶವನ್ನು ಗಮನಾರ್ಹವಾಗಿ ತಗ್ಗಿಸಿರಲಿಲ್ಲ, ತಗ್ಗಿಸಿದ ಕಡೆಯೂ ಹೇಳಿಕೊಂಡದ್ದಕ್ಕಿಂತ ಬಹಳ ಕಡಿಮೆ. ಇದನ್ನೇ ಹಿಡಿದು ಕಾಡಿಗೆ ಹಣವೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳತೆ ಬಿಗಿಯಾಗಬೇಕು, ಹಣ ಕಾಡಿನ ಪಕ್ಕದಲ್ಲಿರುವವರ ಕೈ ಸೇರಬೇಕು.

ಅಳತೆಗೆ ಈಗ ಮೇಲಿನಿಂದಲೂ ಕಣ್ಣುಗಳಿವೆ. ಇಸ್ರೋ, ನಾಸಾ ಜಂಟಿಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹದ ರೇಡಾರ್ ಮೋಡದ ಮೂಲಕವೂ ನೋಡುತ್ತದೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಹೊದ್ದಿರುವ ನಮ್ಮ ಘಟ್ಟಕ್ಕೆ ಅದು ದೊಡ್ಡ ಅನುಕೂಲ. ಆದರೆ ಹೆಕ್ಟೇರಿಗೆ 100 ಟನ್ ಜೀವರಾಶಿ ದಾಟಿದ ದಟ್ಟ ಕಾಡಿನಲ್ಲಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅದರ ಅಲೆಗಳಿಗೆ ತಿಳಿಯುವುದು ಕಷ್ಟ. ಟೇಪು, ಏಣಿ, ಬಿಲ್ಲೆಗಳ ಕೆಲಸ ಮುಗಿದಿಲ್ಲ.

ಅಳೆಯುವವರಿಗಿಂತ ಮೊದಲೇ ಕಾದವರೂ ಇದ್ದಾರೆ. ಪುಣೆಯವರಾದ ಮಾಧವ ಗಾಡ್ಗೀಳರು ಸಸ್ಯವಿಜ್ಞಾನಿ ವಾರ್ತಕ್ ಅವರ ಜೊತೆ 1970ರ ದಶಕದಲ್ಲಿ ಮಹಾರಾಷ್ಟ್ರದ ಘಟ್ಟದ ದೇವರಾಯಿಗಳನ್ನು, ನಮ್ಮಲ್ಲಿ ದೇವರಕಾಡು ಎನ್ನುವಂಥವನ್ನು, ಸುತ್ತಿ ದಾಖಲಿಸಿದರು. ಸುತ್ತಲಿನ ಗುಡ್ಡ ಬೋಳಾದಾಗಲೂ ಊರವರು ಕೊಡಲಿ ಹಾಕದ ತುಣುಕುಗಳವು. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಸಮುದಾಯಗಳಿಗೆ ತಮ್ಮ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೇ ಕೊಡುತ್ತದೆ. ಗೋವಾದ ವೇಳಿಪರು, ಗಾವಡೆಗಳು, ಧನಗರ ಗೌಳಿಗಳು ಸೇರದ ಯಾವ ನಿಸರ್ಗ ಆಧಾರಿತ ಯೋಜನೆಯೂ ಕಾಗದದಾಚೆ ಬದುಕುತ್ತದೆಂದು ನನಗೆ ನಂಬಿಕೆಯಿಲ್ಲ.

ಇನ್ನು ಉಳಿದದ್ದು ಯಾವುದನ್ನು ಕಾಡು ಎನ್ನಬೇಕು ಎಂಬ ಪ್ರಶ್ನೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಹೆಚ್ಚುವರಿ ಹೀರಿಕೆ ಸಾಧಿಸುತ್ತೇವೆಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ಇದರ ಲೆಕ್ಕಕ್ಕೆ ಆಧಾರವಾದ ಭಾರತೀಯ ಅರಣ್ಯ ಸಮೀಕ್ಷೆಯ ಪ್ರಕಾರ, ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು ನೆಲದ ಶೇ. 10ಕ್ಕಿಂತ ಹೆಚ್ಚು ಭಾಗಕ್ಕೆ ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆ. ಯಾರದೇ ಜಾಗವಿರಲಿ, ಗೇರುತೋಟವಿರಲಿ, ತೆಂಗಿನ ತೋಟವಿರಲಿ, ಅಕೇಶಿಯಾ ತೋಪಿರಲಿ ಸೇರುತ್ತದೆ. ಅದೇ ಗೋವಾದಲ್ಲಿ ಖಾಸಗಿ ಜಮೀನಿನ ಕಾಡಿಗೆ ಕಾನೂನಿನ ರಕ್ಷಣೆ ಬೇಕಾದರೆ ಅಳತೆಗೋಲು ಬೇರೆ: ಶೇ. 75ರಷ್ಟು ಅರಣ್ಯ ಜಾತಿಯ ಮರಗಳು, ಕನಿಷ್ಠ ಶೇ. 40ರಷ್ಟು ನೆರಳು, ಬೇರೆ ಕಾಡಿಗೆ ತಾಗದೆ ಒಂಟಿಯಾಗಿದ್ದರೆ 5 ಹೆಕ್ಟೇರ್ ವಿಸ್ತೀರ್ಣ. ಇದನ್ನು ಸಡಿಲಿಸಬೇಕೆಂಬ ಮನವಿಯನ್ನು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ಗುಡ್ಡದ ಮೇಲೆ ಒಂಟಿಯಾಗಿ ಉಳಿದ ನಾಲ್ಕು ಹೆಕ್ಟೇರಿನ ಮತ್ತಿ, ಕಿಂದಳ, ನೇರಳೆಯ ಕಾಡು ದೇಶದ ಹವಾಮಾನ ಲೆಕ್ಕದಲ್ಲಿ ಕಾಡು. ಅಲ್ಲಿ ಬಂಗಲೆಗಳ ಬಡಾವಣೆಗೆ ಅರ್ಜಿ ಬಂದ ದಿನ, ಖಾಸಗಿ ಅರಣ್ಯದ ಈ ಅಳತೆಗೋಲಿನಲ್ಲಿ ಅದು ಕಾಡಲ್ಲ.